ಮೆಣಸಿನಕಾಯಿ ತೆಗೆದ ಸಾರಿನ ಪುಡಿ: ನಾಲ್ಕು ಸಲ ಹುರಿದು ಕುಟ್ಟಿದ ಲೆಕ್ಕ

ನಮ್ಮ ಮನೆಯ ಸಾರಿನ ಪುಡಿಯ ಅಳತೆ ಅಮ್ಮನ ಹಾಲಿನ ಲೆಕ್ಕದ ಪುಸ್ತಕದ ಕೊನೆಯ ಪುಟದಲ್ಲಿದೆ. ಕೊತ್ತಂಬರಿ ಬೀಜ ಎರಡೂವರೆ ಪಾವು, ಜೀರಿಗೆ ಅರ್ಧ ಪಾವು, ಬ್ಯಾಡಗಿ ಮೆಣಸಿನಕಾಯಿ "ನಾಲ್ಕು ಬೊಗಸೆ, ಒತ್ತಿ", ಮೆಣಸು "ಒಂದು ಹಿಡಿಯಲ್ಲ, ಅದರ ಅರ್ಧ" ಎಂದು ಬರೆದಿರುವುದನ್ನು ಮೊದಲು ಗ್ರಾಂ ಲೆಕ್ಕಕ್ಕೆ ತರುವುದೇ ಒಂದು ಕೆಲಸವಾಯಿತು. ಅಮ್ಮನೇ ಅಳೆದು ಹಾಕಿದಳು, ನಾನು ತಕ್ಕಡಿಯ ಮುಂದೆ ಕುಳಿತು ಬರೆದುಕೊಂಡೆ. ಕೊತ್ತಂಬರಿ ಬೀಜ 200 ಗ್ರಾಂ, ತೊಟ್ಟು ತೆಗೆದ ಬ್ಯಾಡಗಿ 150, ಜೀರಿಗೆ 50, ಮೆಣಸು 20, ಮೆಂತ್ಯ 15, ಒಣಗಿಸಿದ ಕರಿಬೇವು 5, ಅರಿಶಿನ 3, ಇಂಗು 3, ಎಲ್ಲ ಸೇರಿ 446 ಗ್ರಾಂ. ಇದರಲ್ಲಿ ಮೆಣಸಿನಕಾಯಿಯದೇ ಮೂರನೆಯ ಒಂದು ಭಾಗ ಎಂಬುದು ಇಷ್ಟು ವರ್ಷ ಈ ಪುಡಿಯ ಸಾರನ್ನು ಉಂಡ ನನಗೆ ತಕ್ಕಡಿ ಹೇಳುವವರೆಗೆ ತಿಳಿದಿರಲಿಲ್ಲ.

ಆ ಮೂರನೆಯ ಒಂದು ಭಾಗವನ್ನು ಪೂರ್ತಿ ತೆಗೆದುಹಾಕಿ, ಅದರ ಜಾಗಕ್ಕೆ ಮೆಣಸಿನಕಾಯಿ ಈ ನಾಡಿಗೆ ಬರುವುದಕ್ಕೆ ಮುಂಚೆ ಇಲ್ಲಿದ್ದ ಪದಾರ್ಥಗಳನ್ನು ಮಾತ್ರ ಹಾಕಿ, ದಿನನಿತ್ಯದ ಊಟಕ್ಕೆ ಒಪ್ಪುವ ಪುಡಿಯೊಂದನ್ನು ಮಾಡಬೇಕೆಂದು ಹೊರಟವನ ದಾಖಲೆ ಇದು. ಹಳೆಯ ಯಾವುದೋ ಪದ್ಯದಲ್ಲಿರುವ ಪಾಕವನ್ನು ಮರಳಿ ಕಟ್ಟುವುದು ನನ್ನ ಉದ್ದೇಶವಾಗಿರಲಿಲ್ಲ. ತೊಟ್ಟಿಯ ಮನೆಯ ಒಂದು ಕಂಬ ತೆಗೆದರೆ ಸೂರಿನ ಯಾವ ಭಾಗ ಕುಸಿಯುತ್ತದೆ ಎಂದು ನೋಡುವ ಕುತೂಹಲವಷ್ಟೇ ಇತ್ತು.

ಕುತೂಹಲ ಹುಟ್ಟಿದ್ದು ಅಜ್ಜನ ಶ್ರಾದ್ಧದ ದಿನ. ನಮ್ಮಲ್ಲೂ ಇನ್ನೂ ಹಲವು ಮನೆತನಗಳಲ್ಲೂ ಶ್ರಾದ್ಧದ ಅಡುಗೆಗೆ ಮೆಣಸಿನಕಾಯಿ, ಟೊಮ್ಯಾಟೊ, ಆಲೂಗಡ್ಡೆ ಸಲ್ಲವು. ಖಾರಕ್ಕೆ ಮೆಣಸು, ಹುಳಿಗೆ ಹುಣಸೆಹಣ್ಣು, ಅಷ್ಟೇ. ಅಡುಗೆಗೆ ಬಂದಿದ್ದ ಹಿರಿಯ ಹೆಂಗಸನ್ನು ಕಾರಣ ಕೇಳಿದರೆ "ಪಿತೃಗಳಿಗೆ ಅದರ ರುಚಿ ಗೊತ್ತಿಲ್ಲವಲ್ಲ" ಎಂದು ನಗುತ್ತಾ ಹೇಳಿದರು. ಅವರು ತಮಾಷೆಗೆ ಹೇಳಿದ್ದರೂ ಚರಿತ್ರೆಯ ಮಟ್ಟಿಗೆ ಅದು ನಿಜ. ಸಲ್ಲದ ಆ ಮೂರೂ ಅಮೆರಿಕ ಖಂಡದಿಂದ ಬಂದವು. 1492ರಲ್ಲಿ ಕೊಲಂಬಸ್ ಅತ್ತ ಹಡಗು ಬಿಡುವ ಮೊದಲು ಏಷ್ಯಾದ ಯಾವ ಒಲೆಯ ಮೇಲೂ ಅವು ಬೆಂದಿರಲಿಲ್ಲ. ವಾಸ್ಕೊ ಡ ಗಾಮ ಕಲ್ಲಿಕೋಟೆಯ ಬಳಿ ಇಳಿದದ್ದು 1498ರಲ್ಲಿ, ಪೋರ್ಚುಗೀಸರು ಗೋವೆಯನ್ನು ಹಿಡಿದದ್ದು 1510ರಲ್ಲಿ. ಮೆಣಸಿನಕಾಯಿ ಪಶ್ಚಿಮ ಕರಾವಳಿಯಲ್ಲಿ ಬೇರು ಬಿಟ್ಟದ್ದು ಆ ನಂತರ.

ಆಮೇಲೆ ನೋಡಿದರೆ ಮೆಣಸಿನಕಾಯಿ ಇಲ್ಲದ ಅಡುಗೆ ನಮ್ಮ ಮನೆಯಲ್ಲೇ ಇನ್ನೆರಡು ಕಡೆ ಅಡಗಿ ಕುಳಿತಿತ್ತು. ಬಾಣಂತಿಗೆ ಬಡಿಸುವ ಮೆಣಸು-ಜೀರಿಗೆಯ ಸಾರು ಒಂದು, ಜ್ವರ ಬಿಟ್ಟ ಮರುದಿನ ಅನ್ನಕ್ಕೆ ಹಾಕುವ ಮೆಣಸಿನ ಸಾರು ಇನ್ನೊಂದು. ತೀರಿಕೊಂಡವರಿಗೆ, ಹೆತ್ತವಳಿಗೆ, ಕಾಯಿಲೆ ಬಿದ್ದವನಿಗೆ ಹಳೆಯ ಅಡುಗೆ. ಗಟ್ಟಿಮುಟ್ಟಾಗಿ ಓಡಾಡಿಕೊಂಡಿರುವವರಿಗೆಲ್ಲ ಹೊಸದು. ಹಳೆಯ ಪದ್ಧತಿ ಹೀಗೆ ಮೂಲೆಗಳಲ್ಲಿ ಉಳಿದುಕೊಂಡಿರುವಾಗ ಅದನ್ನು ನಡುಮನೆಗೆ ತರುವುದು ಕಷ್ಟವಾಗಲಾರದು ಎಂದುಕೊಂಡೆ. ಕಷ್ಟವಾಯಿತು.

ಹೆಸರಿನ ವಿಷಯವನ್ನು ಇಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ನನ್ನ ಮೊದಲ ತಪ್ಪು ಹುಟ್ಟಿದ್ದು ಅದರಿಂದಲೇ. ಕನ್ನಡದಲ್ಲಿ ಮೆಣಸು ಎಂದರೆ ಬಳ್ಳಿಯಲ್ಲಿ ಬಿಡುವ ಕಾಳು. ಕಡಲಾಚೆಯಿಂದ ಬಂದ ಹೊಸ ಕಾಯಿ ಮೆಣಸಿನಂತೆಯೇ ಖಾರವಾಗಿದ್ದುದರಿಂದ ಅದು "ಮೆಣಸಿನ ಕಾಯಿ" ಆಯಿತು. ತಮಿಳರ ಮಿಳಗು ಹೀಗೆಯೇ ಮಿಳಗಾಯ್ ಆಗಿದೆ. ಮುಂದೆ ಹೊಸದೇ ಎಷ್ಟು ಬಲಿಯಿತೆಂದರೆ ಮೂಲದ ಮೆಣಸೇ ತನ್ನನ್ನು ಗುರುತಿಸಿಕೊಳ್ಳಲು ವಿಶೇಷಣ ಹಚ್ಚಿಕೊಳ್ಳಬೇಕಾಯಿತು. ಘಟ್ಟದ ಮೇಲೆ ಅದು ಕರಿಮೆಣಸು ಅಥವಾ ಕಾಳುಮೆಣಸು, ದಕ್ಷಿಣ ಕನ್ನಡದಲ್ಲಿ ಒಳ್ಳೆಮೆಣಸು, ತುಳುವಿನಲ್ಲಿ ಎಡ್ಡೆ ಮುಂಚಿ. ಎಡ್ಡೆ ಎಂದರೂ ಒಳ್ಳೆಯದು ಎಂದೇ ಅರ್ಥ. ಮನೆಗೆ ಬಂದ ಸೊಸೆಗೆ ಹೆಸರನ್ನು ಬಿಟ್ಟುಕೊಟ್ಟು ಅತ್ತೆ "ದೊಡ್ಡಮ್ಮ" ಆದ ಹಾಗೆ. ಹೆಸರು ಒಂದೇ ಆದ್ದರಿಂದ ಕೆಲಸವೂ ಒಂದೇ, ಒಂದರ ಜಾಗಕ್ಕೆ ಇನ್ನೊಂದನ್ನು ಕೂರಿಸಿದರಾಯಿತು ಎಂದು ನಾನು ನಂಬಿದೆ.

ಸಾಮಾನು ತರುವಾಗ ಒಂದು ಗೆರೆ ಹಾಕಿಕೊಂಡೆ. ಕನ್ನಡದ ಹಳೆಯ ಪಾಕಗ್ರಂಥಗಳ ಕಾಲದಲ್ಲಿ ಇಲ್ಲಿನ ಅಡುಗೆಮನೆಯಲ್ಲಿ ಇದ್ದದ್ದು ಮಾತ್ರ ಒಳಗೆ, ಉಳಿದದ್ದು ಹೊರಗೆ. ಎರಡನೆಯ ಚಾವುಂಡರಾಯನ ಲೋಕೋಪಕಾರ 1025ರದು, ಅದರಲ್ಲಿ ಅಡುಗೆಗೇ ಮೀಸಲಾದ ಅಧ್ಯಾಯವಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸ ಅದಾದ ಸುಮಾರು ನೂರು ವರ್ಷಗಳ ನಂತರ ಸಂಸ್ಕೃತದಲ್ಲಿ ರಚಿತವಾಯಿತು. ಅದರಲ್ಲಿ ಇಡ್ಡರಿಕೆ ಎಂಬ ಉದ್ದಿನ ತಿಂಡಿಗೆ ಬೀಳುವುದು ಮೆಣಸಿನ ಪುಡಿ, ಜೀರಿಗೆ, ಇಂಗು. ಮೂರನೆಯ ಮಂಗರಸನ ಸೂಪಶಾಸ್ತ್ರ 1508ರ ಸುಮಾರಿನದು, ಅಂದರೆ ಪೋರ್ಚುಗೀಸರು ಕರಾವಳಿಗೆ ಬಂದಿದ್ದರೂ ಗೋವೆ ಇನ್ನೂ ಅವರ ಕೈಗೆ ಬಿದ್ದಿರದ ಹೊತ್ತಿನದು. ನನ್ನ ಗೆರೆಯನ್ನು ಆ ಇಸವಿಗೇ ಹಾಕಿದೆ. ಆದ್ದರಿಂದ ಸಾರಿಗೆ ಟೊಮ್ಯಾಟೊ ಕೂಡ ಇಲ್ಲ. ಕೊತ್ತಂಬರಿಯ ಬಗ್ಗೆ ಚಿಂತೆಯೇ ಬೇಕಿರಲಿಲ್ಲ, ಪಾಣಿನಿಯ ಸೂತ್ರದಲ್ಲೇ ಕುಸ್ತುಂಬುರು ಇದೆ. ಇಂಗು ಮಾತ್ರ ಆಗಲೂ ಈಗಲೂ ಇರಾನ್, ಅಫ್ಘಾನಿಸ್ತಾನಗಳ ಕಡೆಯಿಂದ ಬರುವ ಸರಕು. ನಮ್ಮ ಒಗ್ಗರಣೆಗೆ ಇಷ್ಟು ಅಗತ್ಯವಾದ ಆ ಗಿಡವನ್ನು ಬೆಳೆಸುವ ಪ್ರಯತ್ನ ಹಿಮಾಚಲದ ಲಾಹೌಲ್ ಕಣಿವೆಯಲ್ಲಿ ಆರಂಭವಾದದ್ದು 2020ರಲ್ಲಿ ಎಂಬುದನ್ನು ನೆನೆದರೆ ಸೋಜಿಗವಾಗುತ್ತದೆ.

ಮೆಣಸು ಕೊಳ್ಳುವಾಗ ಎಡವಿದೆ. ಮನೆಯ ಹತ್ತಿರದ ಅಂಗಡಿಯೊಂದರಿಂದ ತಂದ ಕಾಲು ಕಿಲೋ ಮೆಣಸನ್ನು ನೀರು ತುಂಬಿದ ಪಾತ್ರೆಗೆ ಸುರಿದಾಗ ಒಂದು ಪದರ ಮೇಲೆಯೇ ತೇಲಿತು. ಬಲಿತ ಕಾಳು ಮುಳುಗುತ್ತದೆ. ತೇಲಿದ್ದರಲ್ಲಿ ಬಹುಪಾಲು ಜೊಳ್ಳು, ಆದರೆ ಹನ್ನೊಂದು ಕಾಳುಗಳು ಜೊಳ್ಳೂ ಆಗಿರಲಿಲ್ಲ. ಅಂಗೈ ಮೇಲೆ ಇಟ್ಟು ನೋಡಿದರೆ ತುಸು ಉದ್ದುದ್ದ, ಹಸಿರು ಮಿಶ್ರಿತ ಕಂದು ಬಣ್ಣ, ಹಲ್ಲಿನಲ್ಲಿ ಕಡಿದರೆ ಮೆಣಸಿನ ಗಂಧವೇ ಇಲ್ಲ. ಒಣಗಿಸಿದ ಪರಂಗಿ ಬೀಜ. ಪರಂಗಿಯೂ ಅಮೆರಿಕದ ಹಣ್ಣೇ ಆದ್ದರಿಂದ ನನ್ನ ಗೆರೆಯನ್ನು ದಾಟಿ ಕಳ್ಳತನದಲ್ಲಿ ಒಳನುಗ್ಗಿದ ಮೊದಲ ಪದಾರ್ಥ ಅದೇ. ಆ ಮೆಣಸನ್ನು ಬದಿಗಿಟ್ಟು, ಕೊಡಗಿನಲ್ಲಿ ತೋಟವಿರುವ ಪರಿಚಯದವರಿಂದ ಅರ್ಧ ಕಿಲೋ ತರಿಸಿಕೊಂಡೆ. ಹಿಪ್ಪಲಿ ಮತ್ತು ಒಣಶುಂಠಿ ಗ್ರಂಧಿಗೆ ಅಂಗಡಿಯಲ್ಲಿ ಸಿಕ್ಕವು. ಹಿಪ್ಪಲಿ ಕೇಳಿದಾಗ ಅಂಗಡಿಯವರು "ಮಗುವಿಗೆ ಕೆಮ್ಮೇ?" ಎಂದರು. ಒಂದು ಕಾಲಕ್ಕೆ ಅಡುಗೆಯ ಸಾಂಬಾರ ಪದಾರ್ಥವಾಗಿದ್ದದ್ದು ಈಗ ಕಷಾಯಕ್ಕಷ್ಟೇ ಉಳಿದಿದೆ.

ರುಚಿಯನ್ನು ಹೋಲಿಸಲು ಸಾರಿನ ಅಳತೆಯನ್ನೂ ಕಟ್ಟಿಹಾಕಿದೆ. ತೊಗರಿಬೇಳೆ 60 ಗ್ರಾಂ, ಹುಣಸೆಹಣ್ಣು 15, ಬೆಲ್ಲ 8, ಉಪ್ಪು 9, ಎಲ್ಲ ಸೇರಿ ಒಂದು ಲೀಟರ್ ಸಾರು, ಅದಕ್ಕೆ ಪುಡಿ 18 ಗ್ರಾಂ, ಕೊನೆಯಲ್ಲಿ ತುಪ್ಪದಲ್ಲಿ ಸಾಸಿವೆ, ಕರಿಬೇವಿನ ಒಗ್ಗರಣೆ.

ಮೊದಲನೆಯ ಸಲ. 150 ಗ್ರಾಂ ಬ್ಯಾಡಗಿ ತೆಗೆದು 150 ಗ್ರಾಂ ಮೆಣಸು ಹಾಕಿದೆ, ಮೊದಲಿನ 20 ಸೇರಿ 170. ಇದು ಹೇಗಾಗಬಹುದೆಂದು ಅಮ್ಮ ಮೊದಲೇ ಹೇಳಿದ್ದಳು, ನಾನು ಪ್ರಯೋಗ ಎಂದೆ. ಒಂದು ಲೀಟರ್ ಸಾರಿಗೆ ಸುಮಾರು 7 ಗ್ರಾಂ ಮೆಣಸು ಬಿದ್ದಂತಾಯಿತು. ಬಣ್ಣ ಕೆಸರಿನಂತೆ ಬೂದುಗಪ್ಪು, ಮೊದಲ ಗುಟುಕಿಗೆ ಗಂಟಲಲ್ಲಿ ಉರಿ, ಹಿಂದೆಯೇ ಕಹಿ. ಅಪ್ಪ ಎರಡನೆಯ ತುತ್ತಿಗೆ ಮಜ್ಜಿಗೆ ಕೇಳಿದರು. ಬ್ಯಾಡಗಿ ಮೂಲತಃ ಬಣ್ಣಕ್ಕೆ ಹೆಸರಾದ, ಖಾರ ಕಡಿಮೆಯ ಕಾಯಿ, ಹಾವೇರಿ ಜಿಲ್ಲೆಯ ಆ ತಳಿಗೆ 2011ರಲ್ಲಿ ಭೌಗೋಳಿಕ ಸೂಚಕವೂ ದೊರೆತಿದೆ. ಅದನ್ನು ಬೊಗಸೆಗಟ್ಟಲೆ ಹಾಕಬಹುದು, ಏಕೆಂದರೆ ಹಾಕುವುದು ಖಾರಕ್ಕಾಗಿ ಮಾತ್ರವಲ್ಲ. ಮೆಣಸಾದರೋ ಹಿಡಿಯ ಲೆಕ್ಕದ್ದು.

ಎರಡನೆಯ ಸಲ. ಮೆಣಸನ್ನು 40 ಗ್ರಾಂಗೆ ಇಳಿಸಿ ಉಳಿದದ್ದನ್ನೆಲ್ಲ ಇದ್ದ ಹಾಗೆಯೇ ಬಿಟ್ಟೆ. ಒಟ್ಟು ತೂಕ 316 ಗ್ರಾಂ ಆಯಿತು. ಖಾರ ಈಗ ಹದವಾಗಿತ್ತು, ಆದರೆ ಸಾರು ಸಾರಾಗಿರಲಿಲ್ಲ. ಮೇಲೆ ತಿಳಿನೀರು, ಕೆಳಗೆ ಗಸಿ, ಬಾಯಲ್ಲಿ ಬರೀ ಕೊತ್ತಂಬರಿ ಮತ್ತು ಒಂದು ಕಹಿಯ ಎಳೆ. ತಪ್ಪು ಎಲ್ಲಿದೆ ಎಂಬುದು ನಾಲಗೆಗಿಂತ ಮೊದಲು ಕಾಗದದ ಮೇಲೆ ತಿಳಿಯಿತು. ಅಮ್ಮನ ಪುಡಿಯಲ್ಲಿ ಕೊತ್ತಂಬರಿಯ ಪಾಲು ನೂರಕ್ಕೆ 45, ನನ್ನ ಪುಡಿಯಲ್ಲಿ 63. ಮೆಂತ್ಯ 3.4ರಿಂದ 4.7ಕ್ಕೆ ಏರಿತ್ತು. ನಾನು ಯಾವುದನ್ನೂ ಹೆಚ್ಚಿಸಿರಲಿಲ್ಲ, ಆದರೆ ಮೆಣಸಿನಕಾಯಿ ತುಂಬಿಕೊಂಡಿದ್ದ ಜಾಗ ಖಾಲಿಯಾದ ಕೂಡಲೇ ಉಳಿದವೆಲ್ಲ ಅಷ್ಟಷ್ಟು ಜಾಸ್ತಿ ಮಾತಾಡತೊಡಗಿದ್ದವು. ಒಣಮೆಣಸಿನಕಾಯಿಯ ಸಿಪ್ಪೆ ಬಿಸಿನೀರಲ್ಲಿ ಉಬ್ಬಿ ಸಾರಿಗೆ ಮೈ ಕೊಡುತ್ತದೆ, ಕೆಂಪು ಕೊಡುತ್ತದೆ, ಹುಣಸೆಯ ಚೂಪನ್ನು ಮೊಂಡಾಗಿಸುವ ಒಂದು ಸಣ್ಣ ಸಿಹಿಯನ್ನೂ ಕೊಡುತ್ತದೆ. ಖಾರವೊಂದನ್ನೇ ನೋಡಿದ್ದ ನನಗೆ ಇವು ಮೂರೂ ಕಂಡಿರಲಿಲ್ಲ.

ಮೆಣಸಿನಕಾಯಿ ದಿನದ ಅಡುಗೆಯನ್ನು ಏಕೆ ಅಷ್ಟು ಪೂರ್ತಿಯಾಗಿ ಹಿಡಿಯಿತು ಎಂಬುದಕ್ಕೆ ನನಗೆ ಉತ್ತರ ಕಂಡದ್ದು ಇಲ್ಲಿ. ಮೆಣಸಿನ ಬಳ್ಳಿಗೆ ಮಲೆನಾಡಿನ ಮಳೆ ಬೇಕು, ಹಬ್ಬಲು ಮರ ಬೇಕು, ಫಸಲಿಗೆ ವರ್ಷಗಳು ಬೇಕು. ಬಂದ ಫಸಲೂ ಮನೆಯಲ್ಲಿ ನಿಲ್ಲುತ್ತಿರಲಿಲ್ಲ, ಬಂದರಿಗೆ ಇಳಿಯುತ್ತಿತ್ತು. ಹದಿನಾರನೆಯ ಶತಮಾನದ ಉತ್ತರಾರ್ಧದಲ್ಲಿ ಗೇರುಸೊಪ್ಪೆಯನ್ನು ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು "ಮೆಣಸಿನ ರಾಣಿ" ಎಂದು ಕರೆದದ್ದು ಸುಮ್ಮನೆ ಅಲ್ಲ. ಕಡಲಾಚೆ ಹೋಗುವ ಮೆಣಸಿನ ವ್ಯಾಪಾರ ಅವಳ ಸೀಮೆಯ ಮೂಲಕ ಹಾಯುತ್ತಿತ್ತು. ಬಯಲುಸೀಮೆಯ ಬೇಸಾಯಗಾರನಿಗೆ ಮೆಣಸು ದುಡ್ಡು ಕೊಟ್ಟು ಕೊಳ್ಳಬೇಕಾದ ಸರಕು. ಮೆಣಸಿನಕಾಯಿ ಹಾಗಲ್ಲ: ಹಿತ್ತಲಲ್ಲಿ ನಾಲ್ಕು ಸಸಿ ನೆಟ್ಟರೆ ಒಂದೇ ಹಂಗಾಮಿನಲ್ಲಿ ಕಾಯಿ, ಅಂಗಳದಲ್ಲಿ ಒಣಗಿಸಿದರೆ ವರ್ಷದ ಖರ್ಚಿಗೆ ಸಾಕು. ಶ್ರೀಮಂತರ ಖಾರವನ್ನು ಅದು ಬಡವರ ಅಟ್ಟಕ್ಕೆ ತಂದಿತು ಎಂದು ಸಾಮಾನ್ಯವಾಗಿ ಹೇಳುತ್ತಾರೆ. ನನ್ನ ತಕ್ಕಡಿಯ ಪ್ರಕಾರ ಅದು ತಂದದ್ದು ಖಾರವನ್ನಷ್ಟೇ ಅಲ್ಲ, ಪುಡಿಯ ಗಾತ್ರವನ್ನೇ. ಖರ್ಚಿಲ್ಲದೆ ಪಾತ್ರೆಯ ಮೂರನೆಯ ಒಂದು ಭಾಗ ತುಂಬುವ ಪದಾರ್ಥ ಬಂದಾಗ ಯಾವ ಗೃಹಿಣಿ ಬೇಡ ಎಂದಾಳು?

ಮೂರನೆಯ ಸಲ. ಮೈ ಕೊಡಲು ಕಡಲೆಬೇಳೆ 20 ಗ್ರಾಂ, ತೊಗರಿಬೇಳೆ 20 ಗ್ರಾಂ ಹುರಿದು ಸೇರಿಸಿದೆ, ಮೆಂತ್ಯವನ್ನು 10ಕ್ಕೆ ಇಳಿಸಿದೆ. ಲೆಕ್ಕ ಸರಿಯಿತ್ತು, ಕೈ ಕೆಟ್ಟಿತು. ಬೇಗ ಮುಗಿಸುವ ಅವಸರದಲ್ಲಿ ಮೆಣಸನ್ನೂ ಕೊತ್ತಂಬರಿಯನ್ನೂ ಒಂದೇ ಬಾಣಲೆಗೆ ಹಾಕಿದೆ. ಕೊತ್ತಂಬರಿ ಹದಕ್ಕೆ ಬರಲು ಸಣ್ಣ ಉರಿಯಲ್ಲಿ ಎಂಟು ನಿಮಿಷ ಬೇಕು, ಮೆಣಸಿಗೆ ಎರಡೂವರೆ ನಿಮಿಷ ಸಾಕು. ಆರನೆಯ ನಿಮಿಷಕ್ಕೆ ಕಾಳುಗಳು ಸಿಡಿದು ಕೆನ್ನೆಗೆ ಬಡಿದವು, ಎಂಟನೆಯದಕ್ಕೆ ಅಡುಗೆಮನೆಯಲ್ಲಿ ಎಲ್ಲರಿಗೂ ಕೆಮ್ಮು. ಗಂಧವೆಲ್ಲ ಹೊಗೆಯಾಗಿ ಹೋಗಿ ಖಾರ ಮಾತ್ರ ಉಳಿದ ಪುಡಿ ಅದು. ಮೆಣಸಿನ ಉರಿ ಪೈಪರಿನ್ ಎಂಬ ವಸ್ತುವಿನದು, ಅದು ಶಾಖಕ್ಕೆ ಅಷ್ಟು ಸುಲಭವಾಗಿ ಜಗ್ಗುವುದಿಲ್ಲ. ಪರಿಮಳ ಆವಿಯಾಗುವ ಎಣ್ಣೆಗಳದು, ಅದು ಬೇಗ ಹಾರಿಹೋಗುತ್ತದೆ. ಆ ಡಬ್ಬಿಯನ್ನು ಯಾರಿಗೂ ಬಡಿಸಲಿಲ್ಲ.

ನಾಲ್ಕನೆಯ ಸಲಕ್ಕೆ ಒಂದು ಭಾನುವಾರ ಪೂರ್ತಿ ಇಟ್ಟುಕೊಂಡೆ. ಕಬ್ಬಿಣದ ಬಾಣಲೆ, ಸಣ್ಣ ಉರಿ, ಒಂದೊಂದೇ ಪದಾರ್ಥ. ಬೇಳೆಗಳು ಕೆಂಬಣ್ಣಕ್ಕೆ ತಿರುಗಿದ ಮೇಲೆ ಅವನ್ನು ತೆಗೆದು ಕೊತ್ತಂಬರಿ ಹಾಕಿದೆ. ಎರಡು ಬೆರಳ ನಡುವೆ ಉಜ್ಜಿದಾಗ ಹಸಿಯಾಗಿ ಜಾರದೆ ಗರಿಗರಿಯಾಗಿ ಒಡೆದರೆ ಅದು ಹದ. ಮೆಂತ್ಯಕ್ಕೆ ಕಣ್ಣನ್ನು ನಂಬಬಾರದು, ಮೂಗನ್ನು ನಂಬಬೇಕು. ಹಸಿ ಸೊಪ್ಪಿನ ವಾಸನೆ ಹೋಗಿ ಬೆಲ್ಲ ಕಾಯಿಸಿದಂಥ ವಾಸನೆ ಎದ್ದ ಕ್ಷಣ ಇಳಿಸಬೇಕು, ಇನ್ನರ್ಧ ನಿಮಿಷ ತಡವಾದರೆ ಇಡೀ ಪುಡಿ ಕಹಿ. ಜೀರಿಗೆಯನ್ನು ಒಲೆ ಆರಿಸಿ ಬಾಣಲೆಯ ಬಿಸಿಯಲ್ಲೇ ಆಡಿಸಿದೆ. ಮೆಣಸು, ಹಿಪ್ಪಲಿಗಳನ್ನು ಕೈಗೆ ಬಿಸಿ ತಾಗುವಷ್ಟು ಮಾತ್ರ ಬೆಚ್ಚಗೆ ಮಾಡಿದೆ. ಗಟ್ಟಿ ಇಂಗನ್ನು ಚಮಚ ತುಪ್ಪದಲ್ಲಿ ಉಬ್ಬಿಸಿದೆ.

ಈ ಸಲದ ಅಳತೆ: ಕೊತ್ತಂಬರಿ 200 ಗ್ರಾಂ, ಜೀರಿಗೆ 50, ಮೆಣಸು 45, ಕಡಲೆಬೇಳೆ 20, ತೊಗರಿಬೇಳೆ 20, ಮೆಂತ್ಯ 10, ಹಿಪ್ಪಲಿ 8, ಒಣಶುಂಠಿ 8, ಕರಿಬೇವು 5, ಅರಿಶಿನ 3, ಇಂಗು 3, ಒಟ್ಟು 372. ಶುಂಠಿ, ಮೆಣಸು, ಹಿಪ್ಪಲಿ ಮೂರೂ ಸೇರಿದ್ದನ್ನು ಆಯುರ್ವೇದದವರು ತ್ರಿಕಟು ಎನ್ನುತ್ತಾರೆ, ಆದರೆ ನಾನು ಸೇರಿಸಿದ್ದು ಆರೋಗ್ಯಕ್ಕಾಗಿ ಅಲ್ಲ. ಮೆಣಸಿನ ಖಾರ ಗಂಟಲನ್ನು ಹಿಡಿಯುತ್ತದೆ, ಶುಂಠಿಯದು ನಾಲಗೆಯ ತುದಿಯನ್ನು, ಹಿಪ್ಪಲಿಯದು ನಿಧಾನವಾಗಿ ಬಂದು ಹಿಂದೆ ಒಂದು ಸಿಹಿ ಬಿಟ್ಟುಹೋಗುತ್ತದೆ. ಮೆಣಸಿನಕಾಯಿ ಬಾಯಿಯ ತುಂಬ ಹರಡುವ ಖಾರಕ್ಕೆ ಈ ಮೂವರು ಸೇರಿ ದುಡಿಯಬೇಕಾಯಿತು.

ಕುಟ್ಟಿದ್ದು ಹಿತ್ತಲಿನ ಒರಳಿನಲ್ಲಿ. ವರ್ಷಗಳಿಂದ ಮಳೆಗೆ ಬಿದ್ದಿದ್ದ ಅದರ ಗುಳಿ ನುಣುಪಾಗಿ ಹೋಗಿತ್ತು, ಕಾಳು ಹಾರೆಯ ಏಟಿಗೆ ಸಿಗದೆ ಜಾರುತ್ತಿತ್ತು. ಉಳಿ ಮತ್ತು ಸಣ್ಣ ಸುತ್ತಿಗೆ ಹಿಡಿದು ಗುಳಿಯ ಒಳಮೈಗೆ ಬೆರಳಗಲಕ್ಕೊಂದರಂತೆ ಚುಕ್ಕಿ ಹೊಡೆದು, ನೀರು ಹಾಕಿ ತೊಳೆದು, ಎರಡು ಹಿಡಿ ಅಕ್ಕಿ ಕುಟ್ಟಿ ಚೆಲ್ಲಿ, ಮೂರನೆಯ ಹಿಡಿ ಬೆಳ್ಳಗೆ ಹಲ್ಲಿಗೆ ಕಲ್ಲು ಸಿಗದಂತೆ ಬಂದ ಮೇಲೆ ಪುಡಿ ಮಾಡಿದೆ. ಮಿಕ್ಸಿಯಲ್ಲಿ ಮಾಡಿದ್ದರೆ ನಾಲ್ಕು ನಿಮಿಷದ ಕೆಲಸ, ಆದರೆ ಮಿಕ್ಸಿಯ ಜಾರು ಬಿಸಿಯೇರಿ ಮೂರನೆಯ ಸಲದಂತೆ ಗಂಧ ಕಳೆದುಹೋಗುವ ಭಯವಿತ್ತು.

ಸಾರು ಹಳದಿ ಮಿಶ್ರಿತ ಕಂದು ಬಣ್ಣಕ್ಕೆ ಬಂತು. ಕೆಂಪು ಬರಲಿಲ್ಲ, ಬರಿಸುವ ಪ್ರಯತ್ನವನ್ನೂ ಕೈಬಿಟ್ಟೆ. ಮೈ ಇತ್ತು, ಕಹಿ ಇರಲಿಲ್ಲ. ಒಂದು ತೊಡಕು ಮಾತ್ರ ಉಳಿದಿತ್ತು: ಮೊದಲ ಸೌಟು ಸಪ್ಪೆ, ಕೊನೆಯ ಸೌಟು ಉರಿ. ಪೈಪರಿನ್ ನೀರಿನಲ್ಲಿ ಕರಗುವುದು ಲೀಟರಿಗೆ ಸುಮಾರು ನಲವತ್ತು ಮಿಲಿಗ್ರಾಂ ಮಾತ್ರ, ಆದ್ದರಿಂದ ಖಾರವೆಲ್ಲ ಗಸಿಯ ಜೊತೆ ತಳ ಸೇರುತ್ತದೆ. ತುಪ್ಪದಲ್ಲಾದರೆ ಕರಗುತ್ತದೆ. ಮರುದಿನ 18 ಗ್ರಾಂ ಪುಡಿಯಲ್ಲಿ 6 ಗ್ರಾಮನ್ನು ಎತ್ತಿಟ್ಟುಕೊಂಡು, ಒಗ್ಗರಣೆಯ ತುಪ್ಪ ಒಲೆಯಿಂದ ಇಳಿಸಿದ ಮೇಲೆ ಅದನ್ನು ಅದರಲ್ಲಿ ಕಲಸಿ ಸಾರಿನ ಮೇಲೆ ಸುರಿದೆ. ಖಾರ ಸಾರಿನ ಉದ್ದಕ್ಕೂ ಹರಡಿತು. ಅಪ್ಪ ಏನೂ ಹೇಳದೆ ಎರಡನೆಯ ಸಲ ಬಡಿಸಿಕೊಂಡರು.

ಡಬ್ಬಿಯನ್ನು ಮುಚ್ಚಿಟ್ಟು ಮೂರು ವಾರದ ನಂತರ ಅಮ್ಮನ ಪುಡಿಯ ಪಕ್ಕದಲ್ಲಿ ಮೂಸಿ ನೋಡಿದೆ. ಬ್ಯಾಡಗಿ ಹಾಕಿದ್ದು ಹೆಚ್ಚುಕಡಿಮೆ ಮೊದಲಿನಂತೆಯೇ ಇತ್ತು, ನನ್ನದು ಮಂಕಾಗಿತ್ತು. ಮೆಣಸಿನ ಗಂಧ ಬಹುಪಾಲು ಹೋಗಿತ್ತು, ಖಾರ ಉಳಿದಿತ್ತು. ಅಜ್ಜನ ಶ್ರಾದ್ಧಕ್ಕೆ ಬಂದಿದ್ದ ಆ ಹೆಂಗಸು ಕೊತ್ತಂಬರಿ-ಜೀರಿಗೆ ಪುಡಿಯನ್ನು ಮನೆಯಿಂದ ತಂದಿದ್ದರೂ ಮೆಣಸನ್ನು ಮಾತ್ರ ಸೊಂಟದ ಸಣ್ಣ ಚೀಲದಿಂದ ತೆಗೆದು ಆಗಲೇ ಕುಟ್ಟಿದ್ದು ಆಗ ನೆನಪಿಗೆ ಬಂತು. ಈಗ ನಾನು ಮೆಣಸು, ಹಿಪ್ಪಲಿಗಳನ್ನು ಬಿಟ್ಟು ಉಳಿದದ್ದನ್ನಷ್ಟೇ ಪುಡಿ ಮಾಡಿಟ್ಟುಕೊಳ್ಳುತ್ತೇನೆ. ಒಂದು ಲೀಟರ್ ಸಾರಿಗೆ ಅದು 15 ಗ್ರಾಂ, ಜೊತೆಗೆ ಒಗ್ಗರಣೆಯ ಹೊತ್ತಿಗೆ ಕುಟ್ಟಾಣಿಯಲ್ಲಿ ಒಡೆದ ಮೆಣಸಿನ ಕಾಳು ಐವತ್ತು ಮತ್ತು ಅರ್ಧ ಹಿಪ್ಪಲಿ. ವಾರಕ್ಕೆ ಎರಡು ದಿನ ಈ ಸಾರು, ಉಳಿದ ಐದು ದಿನ ಅಮ್ಮನ ಪುಡಿಯದು.